ಪಕ್ಕದ ಇಟ್ಟಿಗೆ ಗೂಡಿನ ಕತ್ತೆಗಳಿಗೆ ಹಳದಿ ಸಿಂಬಳ: ಕುದುರೆಗಳನ್ನ ಕಾಯೋದು ಹೇಗೆ?

ಬೇಲಿಯಂಚು:
ಕುಣಿಗಲ್ ತಾಲ್ಲೂಕು. ಎರಡು ಹೆಣ್ಣು ಕುದುರೆ, ತಾಯಿ ಹಾಲು ಬಿಟ್ಟ ಒಂದು ಮರಿ. ಬೇಲಿಯಾಚೆ ಇಟ್ಟಿಗೆ ಗೂಡು. ಅಲ್ಲಿಗೆ ಹೊಸದಾಗಿ ಬಂದ ಆರು ಕತ್ತೆಗಳಲ್ಲಿ ಮೂರಕ್ಕೆ ಎರಡೂ ಹೊಳ್ಳೆಯಿಂದ ಹಳದಿ ಸಿಂಬಳ, ಒಂದಕ್ಕೆ ದವಡೆ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಬೋರ್‌ವೆಲ್ ತೊಟ್ಟಿ ಎರಡೂ ಕಡೆಗೂ ಒಂದೇ. ನಮ್ಮವು ಮೇವು ತಿಂತಿವೆ, ಸಿಂಬಳ ಇಲ್ಲ. ದಿನಾ ಲಾಯಕ್ಕೆ ಫಿನಾಯಿಲ್ ಹಾಕಿಸ್ತಿದ್ದೀನಿ. ಸಾಕಾ?

ಲಾಳಗೊರಸು:
ಸಾಲದು ಸಾರ್. ಫಿನಾಯಿಲ್ ಬೀಳೋದು ನೆಲಕ್ಕೆ, ರೋಗ ದಾಟೋದು ಮೂತಿಯಿಂದ ಮೂತಿಗೆ, ಇಲ್ಲಾ ತೊಟ್ಟಿ ನೀರಲ್ಲಿ. ನೀವು ಹೇಳೋ ಲಕ್ಷಣ ಸ್ಟ್ರ್ಯಾಂಗಲ್ಸ್ (ಕುದುರೆ, ಕತ್ತೆಗಳಿಗೆ ಜ್ವರ, ಸಿಂಬಳ, ದವಡೆ ಕೆಳಗೆ ಗಂಟು ತರೋ ಅಂಟುರೋಗ) ತರ ಇದೆ. ಅದರ ಬ್ಯಾಕ್ಟೀರಿಯಾ ನೀರಲ್ಲಿ ವಾರಗಟ್ಟಲೆ ಬದುಕುತ್ತೆ. ಇವತ್ತೇ ತೊಟ್ಟಿ ಬೇರೆ ಮಾಡಿ. ನಿಮ್ಮವಕ್ಕೆ ಒಂದೊಂದಕ್ಕೆ ಒಂದೊಂದು ಬಕೆಟ್, ಹೆಸರು ಬರೆದು. ಪೈಪಿನ ತುದಿ ಬಕೆಟ್ ನೀರಿಗೆ ಮುಳುಗಬಾರದು, ಎಲ್ಲರೂ ಮಾಡೋ ತಪ್ಪು ಅದೇ. ಬೇಲಿಯಿಂದ ಒಳಗೆ ಕನಿಷ್ಠ 15 ಅಡಿ ಬಿಟ್ಟು ಇನ್ನೊಂದು ಬೇಲಿ ಹಾಕಿ. ಈಗ ತಂತಿ ಇಲ್ಲ ಅಂದ್ರೆ ಗಳ ಕಟ್ಟಿದರೂ ನಡೆಯುತ್ತೆ.

ಹುರುಳಿಕಾಳು:
ಅಲ್ಲಿವರೆಗೆ ಆ ಕತ್ತೆಯ ಗಂಟನ್ನ ಬ್ಲೇಡಲ್ಲಿ ಕೊಯ್ದು ಅರಿಶಿನ ತುಂಬಿಸೋಕೆ ಹೇಳಿ. ಕೀವು ಹೋದ್ರೆ ಸರಿಹೋಗುತ್ತೆ.

ಲಾಳಗೊರಸು:
ದಯವಿಟ್ಟು ಅದನ್ನ ಮಾತ್ರ ಮಾಡಿಸಬೇಡಿ. ಕತ್ತೆ, ಹಳದಿ ಸಿಂಬಳ, ಗಂಟು ಒಟ್ಟಿಗೆ ಕಂಡ್ರೆ ಮೊದಲು ಗ್ಲಾಂಡರ್ಸ್ (ಕುದುರೆ, ಕತ್ತೆಗಳ ಇನ್ನೊಂದು ಅಂಟುರೋಗ, ಜೀವಕ್ಕೇ ಅಪಾಯ) ಅಲ್ಲ ಅಂತ ಖಾತ್ರಿ ಆಗಬೇಕು. ಅದು ಮನುಷ್ಯರಿಗೂ ಬರುತ್ತೆ, ಲಸಿಕೆ ಇಲ್ಲ. ಹೊಳ್ಳೆ ಒಳಗೆ ಹುಣ್ಣು, ಹಿಂಗಾಲಿನ ಒಳಬದಿಯಲ್ಲಿ ಮಣಿ ಪೋಣಿಸಿದ ಹಾಗೆ ಗಂಟು, ಒಡೆದರೆ ಜೇನಿನ ಬಣ್ಣದ ಕೀವು: ಇವು ಕಂಡ್ರೆ ಅನುಮಾನ ಜಾಸ್ತಿ. ಕಾಣದಿದ್ರೂ ರಕ್ತ ಪರೀಕ್ಷೆ ಬೇಕೇ ಬೇಕು. ಗೂಡಿನವರ ಹತ್ತಿರ ಜಗಳಕ್ಕೆ ಹೋಗದೆ ತಾಲ್ಲೂಕು ಪಶು ಆಸ್ಪತ್ರೆ ಡಾಕ್ಟರಿಗೆ ಹೇಳಿ, ಅವರೇ ಸ್ಯಾಂಪಲ್ ತಗೋತಾರೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯೋ 2009ರ ಕಾಯ್ದೆ ಪ್ರಕಾರ ಇದನ್ನ ತಿಳಿಸಲೇಬೇಕು. ದೇಶದ ಮುಖ್ಯ ಪ್ರಯೋಗಾಲಯ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿದೆ. ಫಲಿತಾಂಶ ಬರೋವರೆಗೂ ಗ್ಲೌಸ್, ಮಾಸ್ಕ್ ಇಲ್ಲದೆ ಆ ಕತ್ತೆಗಳ ಮೂತಿ ಯಾರೂ ಮುಟ್ಟಬಾರದು.

ಇನ್ನು ನಿಮ್ಮ ಮೂರಕ್ಕೆ ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ ಜ್ವರ ನೋಡಿ ಬರೆದಿಡಿ. ನನ್ನ ಮಟ್ಟಿಗೆ ಹತ್ತು ಕ್ಯಾನ್ ಫಿನಾಯಿಲ್‌ಗಿಂತ ಒಂದು ಥರ್ಮಾಮೀಟರ್ ಮೇಲು. ಸ್ಟ್ರ್ಯಾಂಗಲ್ಸಲ್ಲಿ ಜ್ವರ ಮೊದಲು, ಸಿಂಬಳದಲ್ಲಿ ಬ್ಯಾಕ್ಟೀರಿಯಾ ಬರೋದು ಆಮೇಲೆ ಎರಡು ಮೂರು ದಿನಕ್ಕೆ. ಆ ಸಂದಿನಲ್ಲೇ ಬೇರೆ ಕಟ್ಟಿದರೆ ಉಳಿದವು ಬಚಾವ್. ಡಿಜಿಟಲ್ ಥರ್ಮಾಮೀಟರಿಗೆ ದಾರ ಕಟ್ಟಿ, ದಾರದ ತುದಿಯನ್ನ ಬಟ್ಟೆ ಕ್ಲಿಪ್ಪಲ್ಲಿ ಬಾಲಕ್ಕೆ ಸಿಕ್ಕಿಸಿ. ವ್ಯಾಸಲೀನ್ ಹಚ್ಚಿ, ಪಕ್ಕಕ್ಕೆ ನಿಂತು ಗುದದೊಳಗೆ ಸುಮಾರು ಎರಡು ಇಂಚು ಹಾಕಿ, ಸ್ವಲ್ಪ ಓರೆ ಮಾಡಿ ಒಳಗೋಡೆಗೆ ತಾಗಿಸಿ. ಲದ್ದಿಯೊಳಗೆ ಚುಚ್ಚಿಕೊಂಡ್ರೆ ಕಮ್ಮಿ ತೋರಿಸುತ್ತೆ. 99ರಿಂದ 101.5 ಫ್ಯಾರನ್‌ಹೀಟ್ ಸರಿ. 102 ದಾಟಿದರೆ ಬೇರೆ ಕಟ್ಟಿ. ಈ ದಿನಗಳಲ್ಲಿ ನೋವಿನ ಇಂಜೆಕ್ಷನ್ ಕೊಡಿಸಿದರೆ ಜ್ವರ ಮುಚ್ಚಿಹೋಗುತ್ತೆ, ಗೊತ್ತಿರಲಿ.

ಬೇಲಿಯಂಚು:
ಡಾಕ್ಟರ್ ಬಂದು ಕತ್ತೆಗಳ ರಕ್ತ, ಸಿಂಬಳ ಎರಡೂ ತಗೊಂಡು ಹೋದ್ರು. ಇವತ್ತು ಸಂಜೆ ಮರಿಗೆ 102.8. ಕುದುರೆಗಳಿಗೆ 100.2, 100.6. ಮರಿ ಒಂದು ಕುದುರೆ ಜೊತೆ ಒಂದೇ ಬಾನಿಯಲ್ಲಿ ಬೂಸಾ ತಿಂದಿತ್ತು. ಮೂವರನ್ನೂ ದೂರದ ಶೆಡ್ಡಿಗೆ ಹಾಕಿಬಿಡ್ಲಾ?

ಚೌಳಿಬಾಲ:
ಒಟ್ಟಿಗೆ ಹಾಕಬೇಡಿ, ಮೂರು ಗುಂಪು ಮಾಡಿ. ಮರಿಗೆ ಕೆಂಪು ಹಗ್ಗ, ಕೆಂಪು ಬಕೆಟ್. ಅದರ ಜೊತೆ ತಿಂದಿದ್ದಕ್ಕೆ ಹಳದಿ. ಇನ್ನೊಂದಕ್ಕೆ ಹಸಿರು. ಕೆಲಸದವರು ಒಬ್ಬರೇ ಇದ್ರೆ ಹಸಿರಿಂದ ಶುರು ಮಾಡಿ ಕೆಂಪಲ್ಲಿ ಮುಗಿಸಲಿ, ವಾಪಸ್ ಹಸಿರಿಗೆ ಹೋಗೋ ಮುಂಚೆ ಬಟ್ಟೆ ಬದಲು, ಕೈಗೆ ಸೋಪು. ಹಳದಿಯದ್ದು ಕನಿಷ್ಠ 14 ದಿನ ಹಾಗೇ ಇರಲಿ, ಜ್ವರ ನೋಡ್ತಾ ಇರಿ.

ಬಕೆಟ್, ಗೋಡೆ ಮೊದಲು ಸೋಪು ನೀರಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ಬ್ಲೀಚಿಂಗ್. ಲದ್ದಿ ಮೇಲೆ ಸುರಿದರೆ ಕ್ಲೋರಿನ್ ಅಲ್ಲೇ ಸತ್ತುಹೋಗುತ್ತೆ. ಹೊಸ ಪುಡಿಯಾದ್ರೆ 10 ಲೀಟರಿಗೆ 150 ಗ್ರಾಂ, ಹತ್ತು ನಿಮಿಷ ಬಿಟ್ಟು ತೊಳೀರಿ. ಬಾಯಿ ಬಿಚ್ಚಿಟ್ಟ ಹಳೇ ಚೀಲದ್ದಕ್ಕೆ ಶಕ್ತಿ ಇರಲ್ಲ.

ಬೇಲಿಯಂಚು:
ಆಂಟಿಬಯಾಟಿಕ್ ಈಗಲೇ ಶುರು ಮಾಡಿಸ್ಲಾ?

ಚೌಳಿಬಾಲ:
ಗಂಟು ಇನ್ನೂ ಎದ್ದಿಲ್ಲ ಅಂದ್ರೆ ಡಾಕ್ಟರು ಪೆನ್ಸಿಲಿನ್ ಯೋಚಿಸಬಹುದು. ಎದ್ದಮೇಲೆ ಕೊಟ್ರೆ ಗಂಟು ಹಣ್ಣಾಗೋದೇ ತಡವಾಗುತ್ತೆ, ಆಗ ಬಿಸಿನೀರ ಕಾವೇ ವಾಸಿ. ಬೂಸಾ ನೆನೆಸಿ ನೆಲದ ಮಟ್ಟದಲ್ಲಿ ಇಡಿ, ತಲೆ ಬಗ್ಗಿದರೆ ಸಿಂಬಳ ಇಳಿಯುತ್ತೆ. ಒಡೆದ ಕೀವನ್ನ ಹತ್ತಿಯಲ್ಲಿ ಒರೆಸಿ ಸುಟ್ಟುಹಾಕಿ. ಉಸಿರಾಡುವಾಗ ಗೊರಗೊರ ಅಂದ್ರೆ ರಾತ್ರಿಯಾದ್ರೂ ಡಾಕ್ಟರನ್ನ ಕರೆಸಿ, ಗಂಟು ಗಂಟಲನ್ನ ಒತ್ತುತ್ತಿದೆ ಅಂತ ಅರ್ಥ.

ಸಿಂಬಳ ನಿಂತ ಕೂಡಲೇ ಕೆಂಪು ಹಗ್ಗ ಬಿಚ್ಚಬೇಡಿ. ಕೆಲವದರಲ್ಲಿ ಬ್ಯಾಕ್ಟೀರಿಯಾ ಗಂಟಲ ಹಿಂದಿನ ಗಾಳಿಚೀಲದಲ್ಲಿ ತಿಂಗಳುಗಟ್ಟಲೆ ಉಳಿದುಕೊಳ್ಳುತ್ತೆ, ಹೊರಗೆ ಏನೂ ಕಾಣಲ್ಲ. ವಾರಕ್ಕೊಂದರಂತೆ ಮೂರು ಸ್ವ್ಯಾಬ್ (ಹತ್ತಿಕಡ್ಡಿಯಲ್ಲಿ ತೆಗೆಯೋ ಸ್ಯಾಂಪಲ್) ನೆಗೆಟಿವ್ ಬರಲಿ. ಗೂಡಿನ ಕತ್ತೆಗಳಿಗೂ ಇದೇ ಲೆಕ್ಕ, ಒಳಬೇಲಿ ಅಲ್ಲಿವರೆಗೂ ಇರಲಿ.