'ಡಿಕೇ' ಬಂದಲ್ಲೆಲ್ಲ 'ಕೊಳೆ' ತುಂಬುತ್ತಿದೆ, ಪದಪಟ್ಟಿ ಸರಿಪಡಿಸೋದು ಹೇಗೆ?

ಪದಪಟ್ಟಿ_ಪೀಡಿತ:
ಮಕ್ಕಳ ವಿಜ್ಞಾನದ ಆ್ಯಪ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅನುವಾದ ತಂತ್ರಾಂಶದ ಪದಪಟ್ಟಿಯಲ್ಲಿ ಇಂಗ್ಲಿಷಿನ 'ಡಿಕೇ' (decay, ಹಾಳಾಗುವುದು ಅಥವಾ ಕ್ರಮೇಣ ಕಡಿಮೆಯಾಗುವುದು) ಎದುರು ಒಮ್ಮೆ 'ಕೊಳೆ' ಅಂತ ಹಾಕಿದೆ. ಈಗ ಸಿಕ್ಕಲ್ಲೆಲ್ಲ ತಾನೇ ತುಂಬಿಕೊಳ್ಳುತ್ತಿದೆ. 'ಯುರೇನಿಯಂ ಕೊಳೆಯುತ್ತದೆ' ಅಂತ ಬಂದಾಗ ನಕ್ಕು ಸುಮ್ಮನಾದೆ. ಆಮೇಲೆ 'ಹಲ್ಲಿನ ಕೊಳೆ' ಬಂತು. ಅದು ಹಲ್ಲುಜ್ಜದವನ ಕಥೆ ಅಲ್ವಾ? ಬೇಸತ್ತು ಎಲ್ಲ ಕಡೆ 'ಕ್ಷಯ' ಹಾಕಿದೆ. 'ಮರದ ಕ್ಷಯ' ಓದಿದ ಅಮ್ಮ, "ಮರಕ್ಕೂ ಟಿ.ಬಿ. ಬರುತ್ತಾ?" ಅಂದರು. ಎಲ್ಲದಕ್ಕೂ ಹೊಂದುವ ಒಂದು ಪದ ಇದೆಯಾ?

ಲಡ್ಡು_ಹಲಗೆ:
ಇಲ್ಲ, ಹುಡುಕಬೇಡಿ. ಇಂಗ್ಲಿಷಿನವರು ಒಂದೇ ಚೀಲಕ್ಕೆ ತುಂಬಿದ್ದನ್ನು ನಾವು ಏನು ಹಾಳಾಯಿತು ಅನ್ನೋದರ ಮೇಲೆ ಬೇರೆ ಬೇರೆ ಇಟ್ಟಿದ್ದೇವೆ. ಹಣ್ಣು ಕೊಳೆಯುತ್ತದೆ, ಅನ್ನ ಹಳಸುತ್ತದೆ. ಹಲ್ಲು ಹುಳುಕಾಗುತ್ತದೆ. ಮರ ಲಡ್ಡು ಹಿಡಿಯುತ್ತದೆ, ಕರಾವಳಿಯವರು 'ಕುಂಬು' ಅನ್ನುತ್ತಾರೆ. ನಾನು ಹಳೇ ಬಾಗಿಲು ರಿಪೇರಿ ಮಾಡುವವನು. ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ, ಹೊರಗೆ ಬಣ್ಣ ಮಾತ್ರ ಚೆನ್ನಾಗಿರುತ್ತದೆ. ಅದಕ್ಕೆ 'ಕೊಳೆತ ಮರ' ಅಂದರೆ ಅರ್ಥ ಆಗುತ್ತದೆ, 'ಲಡ್ಡು' ಅಂದರೆ ಕಣ್ಣಿಗೆ ಕಾಣುತ್ತದೆ.

'ಹುಳುಕು' ಹಾಕುವಾಗ ಪಕ್ಕದಲ್ಲೇ ಒಂದು ಸಾಲು ಸೇರಿಸಿ. ಹಲ್ಲಿನಲ್ಲಿ ಹುಳ ಇರಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡುವ ಆಮ್ಲ ಹಲ್ಲನ್ನು ಕರಗಿಸುತ್ತದೆ. ನಮ್ಮ ಮಗು ಕನ್ನಡಿ ಮುಂದೆ ನಿಂತು ಹುಳ ಹುಡುಕಿದೆ, ಅದಕ್ಕೇ ಹೇಳಿದೆ.

ಅರ್ಧಾಯು:
ಭೌತವಿಜ್ಞಾನದಲ್ಲಿ 'ಕ್ಷಯ' ಬಿಡಬೇಡಿ, ಆದರೆ ಒಂಟಿಯಾಗಿ ಬಿಡಬೇಡಿ. 'ವಿಕಿರಣ ಕ್ಷಯ' ಅಂತ ಪೂರ್ತಿ ಬರೆದರೆ ಟಿ.ಬಿ. ನೆನಪಾಗಲ್ಲ. 'ಕೊಳೆ' ಅಂದರೆ ಮಕ್ಕಳು ವಾಸನೆ ಬರುವ ವಸ್ತುವನ್ನು ಊಹಿಸುತ್ತಾರೆ. ಇಲ್ಲಿ ಆಗುವುದೇ ಬೇರೆ: ಕಾರ್ಬನ್-14ರ ಪರಮಾಣು ನೈಟ್ರೋಜನ್-14 ಆಗಿಬಿಡುತ್ತದೆ. ಇದ್ದ ಕಾರ್ಬನ್-14ರಲ್ಲಿ ಸುಮಾರು 5,730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಇನ್ನೊಂದು 5,730ಕ್ಕೆ ಕಾಲು ಭಾಗ.

ತಂತ್ರಾಂಶದ ಮಟ್ಟಿಗೆ ಪರಿಹಾರ ಸುಲಭ. ಒಂಟಿ 'ಡಿಕೇ' ನಮೂದನ್ನು ಅಳಿಸಿ. 'ಟೂತ್ ಡಿಕೇ', 'ವುಡ್ ಡಿಕೇ', 'ರೇಡಿಯೋಆ್ಯಕ್ಟಿವ್ ಡಿಕೇ' ಅಂತ ಜೋಡಿಯಾಗಿ ಸೇರಿಸಿ. ಬರೀ 'ಡಿಕೇ' ಬಂದ ಸಾಲುಗಳನ್ನು ಕೈಯಲ್ಲೇ ನೋಡಬೇಕು, ಬೇರೆ ದಾರಿ ಇಲ್ಲ.

ಪದಪಟ್ಟಿ_ಪೀಡಿತ:
ಅಳಿಸಿದೆ, ಮುಕ್ಕಾಲು ಪಾಲು ಸರಿಹೋಯಿತು. ಸಂಗೀತದ ಪಾಠದಲ್ಲಿ ಸಿಂಥಸೈಜರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್ ವಾದ್ಯ) ಗುಂಡಿಯ ಮೇಲೂ 'ಡಿಕೇ' ಇದೆ. 'ನಾದ ಅಡಗುವುದು' ಅಂತ ಹಾಕಿದೆ. ಸರೀನಾ?

ಕೀಬೋರ್ಡ್_ಕಿಟ್ಟಿ:
ತಪ್ಪು. ಎಲ್ಲರೂ ಎಡವುವುದು ಇಲ್ಲೇ. ಕೀ ಒತ್ತಿದ ತಕ್ಷಣ ಸದ್ದು ತುದಿಗೇರುತ್ತದೆ, ಅದು ಅಟ್ಯಾಕ್. ಅಲ್ಲಿಂದ ಸ್ವಲ್ಪ ಇಳಿದು ಒಂದು ಮಟ್ಟಕ್ಕೆ ಬರುವ ಹೊತ್ತೇ ಡಿಕೇ. ಆ ಮಟ್ಟ ಸಸ್ಟೈನ್, ಬೆರಳು ತೆಗೆಯುವ ತನಕ ಅಲ್ಲೇ ನಿಂತಿರುತ್ತದೆ. ಬೆರಳು ತೆಗೆದ ಮೇಲೆ ಸದ್ದು ಅಡಗುವುದು ರಿಲೀಸ್. ಹಾಗಾಗಿ ಡಿಕೇಗೆ 'ಇಳಿತ' ಹಾಕಿ. ಗುಂಡಿಯ ಮೇಲೆ ಮಾತ್ರ 'ಡಿಕೇ' ಅಂತಲೇ ಬಿಡಿ, ಯಂತ್ರದ ಮೇಲೆ ಇರೋದೂ ಅದೇ.

ಪದಪಟ್ಟಿ_ಪೀಡಿತ:
ಹಾಕಿದೆ. ಇತಿಹಾಸದ ಪಾಠದಲ್ಲಿ 'ಕೋಟೆಯ ಕೊಳೆ' ಅಂತ ಈಗಷ್ಟೇ ಸಿಕ್ಕಿತು.

ಲಡ್ಡು_ಹಲಗೆ:
ಗೋಡೆ ಬಿರುಕು ಬಿಟ್ಟಿದ್ದರೆ 'ಶಿಥಿಲ'. ಜನ ಬಿಟ್ಟುಹೋಗಿ ಗಿಡಗಂಟಿ ಬೆಳೆದಿದ್ದರೆ 'ಪಾಳು'. ಚಿತ್ರ ನೋಡಿ ಹಾಕಿ.