ಪೂಗಾದ ಬಿಸಿನೀರು, ನೆವಾಡಾದ ಕಪ್ಪೆ: ನಮ್ಮ ಬ್ಯಾಚ್ ಗುಂಪಿನ ಚರ್ಚೆ

ವಿನಾಯಕ (ಕಾರವಾರ): [ಫಾರ್ವರ್ಡ್ ವಿಡಿಯೊ: "ಭೂಶಾಖದಿಂದ ಕರೆಂಟು. ಹೊಗೆ ಇಲ್ಲ, ಕಾಡು ಕಡಿಯೋದಿಲ್ಲ, ಪ್ರಾಣಿಗಳಿಗೆ ತೊಂದರೆ ಇಲ್ಲ"]
ಲಡಾಖಿನ ಪೂಗಾದಲ್ಲಿ ಒಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡ್ಕೊಂಡಿದ್ದು ಇದಕ್ಕೇ. ಕೈಗಾದ ಲೈನಿಗೆ ಎಷ್ಟು ಕಾಡು ಹೋಯ್ತು ಅಂತ ನಾವೆಲ್ಲ ಕಂಡಿದ್ದೇವೆ. ಪೂಗಾದಲ್ಲಿ ಬರೀ ಕಲ್ಲು, ಮರಳು. ಇದಕ್ಕೂ ವಿರೋಧವಾ?

ಸವಿತಾ (ಕುಮಟಾ): ಮೂರನೇ ಮಾತು ತಪ್ಪು ವಿನಾಯಕ. ಮರುಭೂಮಿ ಅಂದ್ರೆ ಖಾಲಿ ಜಾಗ ಅಲ್ಲ. ಅಲ್ಲಿನ ಜೀವ ಎಲ್ಲ ಒಂದೆರಡು ಒರತೆ ಸುತ್ತ ಗುಂಪುಗೂಡಿರ್ತದೆ, ಕಂಪನಿಗೆ ಬೇಕಾದ ಬಿಸಿನೀರೂ ಅದೇ ಒರತೆಯ ಅಡಿಗೇ ಇರೋದು. ಅಮೆರಿಕದ ನೆವಾಡಾದಲ್ಲಿ ಡಿಕ್ಸಿ ಕಣಿವೆ ನೆಲಗಪ್ಪೆ ಅಂತ ಇದೆ, ಎರಡು ಇಂಚಿನದು. ಬೇರೆ ಜಾತಿ ಅಂತ ಗುರುತಿಸಿದ್ದೇ 2017ರಲ್ಲಿ. ಇಡೀ ಜಗತ್ತಿನಲ್ಲಿ ಅದಕ್ಕಿರೋದು ಬಿಸಿನೀರ ಬುಗ್ಗೆಗಳ ಸುಮಾರು 760 ಎಕರೆ ಜವುಗು. 2021ರ ನವೆಂಬರಿನಲ್ಲಿ ಪಕ್ಕದಲ್ಲೇ 60 ಮೆಗಾವ್ಯಾಟ್ ಯೋಜನೆಗೆ ಅನುಮತಿ ಸಿಕ್ತು. 2022ರ ಏಪ್ರಿಲಿನಲ್ಲಿ ಸರ್ಕಾರವೇ ಆ ಕಪ್ಪೆಯನ್ನ ತುರ್ತಾಗಿ ಅಳಿವಿನಂಚಿನ ಪಟ್ಟಿಗೆ ಸೇರಿಸ್ಬೇಕಾಯ್ತು, ಡಿಸೆಂಬರಿನಲ್ಲಿ ಅದನ್ನ ಕಾಯಂ ಮಾಡಿದ್ರು.

ವಿನಾಯಕ: ತೆಗೆದ ನೀರನ್ನ ಮತ್ತೆ ನೆಲದೊಳಗೇ ಬಿಡ್ತಾರಲ್ಲ ಮಾರಾಯ್ತಿ. ಪೆಂಟೇನ್ ಬಳಸೋ ಬೈನರಿ (ಎರಡು ದ್ರವದ) ಪ್ಲಾಂಟಲ್ಲಿ ಒಂದು ಹನಿಯೂ ಹೊರಗೆ ಬೀಳೋದಿಲ್ಲ.

ಶ್ರೀಪಾದ (ಶಿರಸಿ): ಹನಿ ಬೀಳೋದಿಲ್ಲ, ನಿಜ. ಬೋರಿನ ಬಿಸಿ ಉಪ್ಪುನೀರು ಹೀಟ್ ಎಕ್ಸ್‌ಚೇಂಜರಿಗೆ ಬರ್ತದೆ, ಅಲ್ಲಿ ಪೆಂಟೇನ್ ಕುದೀತದೆ (ಮಾಮೂಲಿ ಒತ್ತಡದಲ್ಲಿ 36 ಡಿಗ್ರಿಗೇ ಕುದಿಯೋ ದ್ರವ ಅದು), ಆವಿ ಟರ್ಬೈನ್ ತಿರುಗಿಸ್ತದೆ, ಫ್ಯಾನಿನ ಗಾಳಿಗೆ ಮತ್ತೆ ದ್ರವ ಆಗ್ತದೆ. ತಣಿದ ನೀರು ಇನ್ನೊಂದು ಬೋರಿಂದ ಕೆಳಗೆ ಹೋಗ್ತದೆ. ಪೇಚು ಇರೋದು ಆ ಇನ್ನೊಂದು ಬೋರ್ ಎಲ್ಲಿ ಅನ್ನೋದ್ರಲ್ಲಿ. ಹತ್ತಿರ ಬಿಟ್ರೆ ತಣ್ಣೀರು ಬಿರುಕುಗಳಲ್ಲಿ ಹರಿದು ಉತ್ಪಾದನಾ ಬೋರಿಗೇ ಬಂದು ಅದನ್ನ ತಣಿಸ್ತದೆ, ಕರೆಂಟು ಕಡಿಮೆ ಆಗ್ತದೆ. ಅದಕ್ಕೇ ಎಂಜಿನಿಯರ್ ದೂರ ಒಯ್ದು ಬಿಡ್ತಾನೆ. ದೂರ ಬಿಟ್ರೆ ತೆಗೆದ ಜಾಗದಲ್ಲಿ ಒತ್ತಡ ಇಳೀತದೆ. ನೀರನ್ನ ಬುಗ್ಗೆವರೆಗೆ ಮೇಲೆ ತಳ್ಳೋದೇ ಆ ಒತ್ತಡ.
ನಮ್ಮ ಕಡೆ ಮೇಲೆ ಬೆಟ್ಟದಲ್ಲಿ ಬೋರ್ ಹೊಡೆದ್ರೆ ಕೆಳಗಿನ ತೋಟದ ಒರತೆ ನಿಲ್ತದಲ್ಲ, ಅದೇ ಲೆಕ್ಕ. ನೀರಿನ ಜಮಾಖರ್ಚು ಸರಿಯಾಗಿದ್ರೂ ಬುಗ್ಗೆ ಬತ್ತಬಹುದು. ನೆವಾಡಾದ ಜರ್ಸಿ ಕಣಿವೆಯಲ್ಲಿ 2011ರಲ್ಲಿ ಪ್ಲಾಂಟ್ ಶುರುವಾಯ್ತು, ಕೆಲವೇ ವರ್ಷದಲ್ಲಿ ಬಿಸಿನೀರ ಬುಗ್ಗೆ ನಿಂತೇಹೋಯ್ತು.

ಸವಿತಾ: ಪೂರಾ ಬತ್ತೋದೂ ಬೇಡ, ಕೆಲವು ಡಿಗ್ರಿ ತಣ್ಣಗಾದ್ರೂ ಸಾಕು. ಡಿಕ್ಸಿ ಕಪ್ಪೆ ಚಳಿಗಾಲ ಕಳೆಯೋದು ಬೆಚ್ಚಗಿನ ನೀರಿನ ಆಸರೆಯಲ್ಲೇ. ಕಪ್ಪೆಗಳನ್ನ ಕೊಲ್ಲೋ ಕೈಟ್ರಿಡ್ ಶಿಲೀಂಧ್ರ ಬಿಸಿ ನೀರಲ್ಲಿ ಬೆಳೆಯೋದಿಲ್ಲ, ತಂಪು ನೀರಲ್ಲಿ ಚೆನ್ನಾಗಿ ಬೆಳೀತದೆ. ಅಘನಾಶಿನಿ ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರಿನ ಹದ ತಪ್ಪಿದ್ರೆ ಬಳಚು (ಕಪ್ಪೆಚಿಪ್ಪು) ಉಳೀತದಾ? ಇದೂ ಹಾಗೇ.

ವಿನಾಯಕ: ಸರಿ, ಆದ್ರೆ ಪೂಗಾದ್ದು ಮೊದಲ ಹಂತದಲ್ಲಿ 1 ಮೆಗಾವ್ಯಾಟ್. ಡೀಸೆಲ್ ಜನರೇಟರ್ ನಂಬಿಕೊಂಡಿರೋ ಊರುಗಳಿಗೆ ಇದು ಬೇಡ್ವಾ? ಡೀಸೆಲ್ ಲಾರಿಗಳೂ ಪೂಗಾ ಇರೋ ಅದೇ ಚಾಂಗ್‌ಥಾಂಗ್ ಪ್ರಸ್ಥಭೂಮಿ ದಾಟಿಯೇ ಹೋಗ್ಬೇಕು.

ಶ್ರೀಪಾದ: ಈ ಮಾತಿಗೆ ತೂಕ ಇದೆ. 1 ಮೆಗಾವ್ಯಾಟಿಗೆ ಒತ್ತಡ ಹೆಚ್ಚು ಇಳಿಯೋದಿಲ್ಲ. ಡಿಕ್ಸಿಯಲ್ಲೂ ಕಂಪನಿಯವರು ಕೊನೆಗೆ 60ರಿಂದ 12ಕ್ಕೆ ಇಳೀತೇವೆ ಅಂದ್ರು. ಪೂಗಾ ಇರೋದು 4,400 ಮೀಟರ್ ಎತ್ತರದಲ್ಲಿ, ಗಾಳಿ ತಣ್ಣಗಿದೆ, ಫ್ಯಾನ್ ಕೂಲಿಂಗಿಗೆ ಅದು ಅನುಕೂಲ. ಬಿಸಿ ಮರುಭೂಮಿಯಲ್ಲಿ ಬೇಸಿಗೆ ಮಧ್ಯಾಹ್ನ ಇಳುವರಿ ಬಿದ್ದುಹೋಗ್ತದೆ, ಆಗ ಕೂಲಿಂಗ್ ಟವರಿಗೆ ನೀರು ಹಾಕೋ ಆಸೆ ಹುಟ್ತದೆ. ಆ ನೀರು ಆವಿಯಾಗಿ ಹೋದದ್ದು ತಿರುಗಿ ಬರೋದಿಲ್ಲ.
ಆದ್ರೆ ಪೂಗಾದ ನೀರಲ್ಲಿ ಬೋರಾನ್ ಜಾಸ್ತಿ, ಹಿಂದೆ ಅಲ್ಲಿ ಬಿಳಿಗಾರ, ಗಂಧಕ ತೆಗೀತಿದ್ರು. ಕೊರೆಯುವಾಗ ಬರೋ ಕೆಸರು, ಪರೀಕ್ಷೆಗೆ ಹರಿಸೋ ಬಿಸಿನೀರು ತೊರೆಗೆ ಸೇರಬಾರ್ದು. ಅವನ್ನ ಹಿಡಿದಿಡೋ ಹೊಂಡಕ್ಕೆ ದಪ್ಪ ಪ್ಲಾಸ್ಟಿಕ್ ಹಾಸು, ಮೇಲೆ ಬಲೆ, ಬಿದ್ದ ಪ್ರಾಣಿ ಹತ್ತಿ ಬರೋಕೆ ಒಂದು ಬದಿ ಇಳಿಜಾರು. ಇಷ್ಟಕ್ಕೆ ದೊಡ್ಡ ಖರ್ಚಿಲ್ಲ, ಆದ್ರೂ ಮೊದಲು ಬಿಟ್ಟುಹೋಗೋದು ಇದೇ.

ಸವಿತಾ: ಲೈನೂ ಮರೀಬೇಡಿ. ಲಡಾಖಿನ ಕಪ್ಪುಕತ್ತಿನ ಕ್ರೌಂಚ (ಕ್ರೇನ್) ಮರಿ ಮಾಡೋದು ಅಂಥಾ ಜವುಗಿನಲ್ಲೇ, ತಂತಿಗೆ ಬಡಿದು ಸಾಯ್ತದೆ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಟವರ್ ಮೇಲೆ ರೇವನ್ ಅನ್ನೋ ದೊಡ್ಡ ಕಾಗೆಗಳು ಕೂತು ಆಮೆ ಮರಿ ಹಿಡೀತಾವೆ, ಮೊದಲ ಕೆಲವು ವರ್ಷ ಅವುಗಳ ಚಿಪ್ಪು ಗಟ್ಟಿ ಇರೋದಿಲ್ಲ. ಕೆನ್ಯಾದ ಓಲ್ಕಾರಿಯಾ ಭೂಶಾಖ ಸ್ಥಾವರ ಇರೋದು ಹೆಲ್ಸ್ ಗೇಟ್ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿ ಜಿರಾಫೆ ದಾಟೋಕೆ ಪೈಪನ್ನ ಕಮಾನಿನ ಹಾಗೆ ಎತ್ತಿದ್ದಾರೆ. ಮನಸ್ಸಿದ್ರೆ ಮಾಡಬಹುದು.

ವಿನಾಯಕ: ಹಾಗಾದ್ರೆ ಅಳತೆ ಇಟ್ಟು ನೋಡ್ತಾ ಹೋದ್ರಾಯ್ತು, ಬುಗ್ಗೆ ಕಡಿಮೆ ಆದ್ರೆ ಪಂಪ್ ನಿಲ್ಲಿಸೋದು.

ಸವಿತಾ: ನಂಗೆ ಒಪ್ಪಿಗೆ ಇಲ್ಲದ್ದು ಇದೇ. ಪಂಪ್ ನಿಲ್ಲಿಸಿದ ದಿನವೇ ಒತ್ತಡ ತಿರುಗಿ ಬರೋದಿಲ್ಲ, ತಿಂಗಳುಗಟ್ಟಲೆ ಹಿಡೀಬಹುದು. ಅಷ್ಟರಲ್ಲಿ ಕಪ್ಪೆಗೆ ಒಂದು ಚಳಿಗಾಲ ಕಳೆದಿರ್ತದೆ. ಬುಗ್ಗೆಗೆ ಪೈಪಲ್ಲಿ ಬಿಸಿನೀರು ತಂದು ಹುಯ್ದರೆ ಅದರ ಲವಣವೇ ಬೇರೆ, ಆರ್ಸೆನಿಕ್ ಇದ್ರೆ ಅದೂ ಬಂತು.

ಶ್ರೀಪಾದ: ಅದಕ್ಕೇ ಕೊರೆಯೋದಕ್ಕಿಂತ ಮುಂಚೆ ಕನಿಷ್ಠ ಎರಡು ಪೂರ್ತಿ ವರ್ಷ ಅಳೀಬೇಕು. ಬುಗ್ಗೆ ಬಾಯಲ್ಲಿ ವಿ ಆಕಾರದ ಗಂಡಿಯ ತಗಡು ಇಟ್ಟು ಹರಿವು, ಲಾಗರ್ (ತಾನೇ ದಾಖಲಿಸೋ ಉಪಕರಣ) ಇಟ್ಟು ಪ್ರತಿ ಗಂಟೆ ಉಷ್ಣತೆ, ತಿಂಗಳಿಗೊಮ್ಮೆ ನೀರಿನ ಕ್ಲೋರೈಡ್ (ಲವಣ). ಉತ್ಪಾದನಾ ಬೋರಿಗೂ ಬುಗ್ಗೆಗೂ ನಡುವೆ ಒಂದು ವೀಕ್ಷಣಾ ಬೋರ್ ಬೇಕೇ ಬೇಕು, ಒತ್ತಡ ಇಳಿದದ್ದು ಬುಗ್ಗೆಗಿಂತ ಮೊದಲು ಅಲ್ಲಿ ಕಾಣ್ತದೆ. ಅಲ್ಲಿ ಎಷ್ಟು ಇಳಿದ್ರೆ ಪಂಪ್ ಎಷ್ಟು ಕಡಿಮೆ ಮಾಡ್ಬೇಕು ಅಂತ ಅನುಮತಿ ಪತ್ರದಲ್ಲೇ ಅಂಕಿ ಬರೆದಿರ್ಬೇಕು.

ವಿನಾಯಕ: ಆಯ್ತು, ವಿಡಿಯೊ ಅಳಿಸ್ತೇನೆ. 1 ಮೆಗಾವ್ಯಾಟ್ ಆಗ್ಲಿ ಅನ್ನೋ ಮಾತು ಮಾತ್ರ ಬಿಡೋದಿಲ್ಲ.

ಸವಿತಾ: ಬಿಡೋದು ಬೇಡ. ಎರಡು ವರ್ಷದ ಆ ಅಳತೆ ಮೊದಲು ಆಗ್ಲಿ ಅನ್ನೋದನ್ನೂ ಜೊತೆಗೆ ಸೇರಿಸು.