ಮಳೆಗಾಲಕ್ಕೆ ಯಾವ ಸ್ಟ್ರಿಂಗ್ಸ್ ಹಾಕ್ತೀರಿ? ಎಲೆಕ್ಟ್ರಿಕ್ ಗಿಟಾರ್ ಇರುವವರು ಅನುಭವ ಹೇಳಿ

ಕೇಳಿದವರು: ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ಒಂದು ತಗೊಂಡಿದ್ದೇನೆ, ಸ್ಕ್ವಯರ್ ಕಂಪನಿಯ ಸ್ಟ್ರಾಟ್ ಮಾಡೆಲ್. ಜೂನ್‌ನಲ್ಲಿ ಹೊಸ ಸ್ಟ್ರಿಂಗ್ಸ್ ಹಾಕಿಸಿದ್ದೆ. ಆಗಸ್ಟ್ ಬರುವಷ್ಟರಲ್ಲಿ ಸಣ್ಣ ಮೂರು ತಂತಿ ಕಪ್ಪಾಗಿ, ಬೆರಳಿಗೆ ತರಿತರಿ ಅನ್ನುತ್ತಿವೆ. ನುಡಿಸುವುದು ಸಿನಿಮಾ ಹಾಡು, ಸ್ವಲ್ಪ ರಾಕ್. 9ರ ಸೆಟ್ ಹಾಕಲಾ, 10ರ ಸೆಟ್ ಹಾಕಲಾ? ಕೋಟಿಂಗ್ ಇರುವ ಸ್ಟ್ರಿಂಗ್ಸ್‌ಗೆ ಡಬಲ್ ದುಡ್ಡು ಕೊಡುವುದು ದಂಡವಾ? ಗಣಪತಿ ಹಬ್ಬಕ್ಕೆ ಊರಲ್ಲಿ ಪ್ರೋಗ್ರಾಂ ಇದೆ, ಅಷ್ಟರೊಳಗೆ ಬದಲಾಯಿಸಬೇಕು.

ಹಾಸನ, ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್

ಮೊದಲು ಈಗ ಯಾವ ಗೇಜ್ ಇದೆ, ಅಂದರೆ ತಂತಿ ಎಷ್ಟು ದಪ್ಪ, ಅಂತ ತಿಳಿದುಕೊಳ್ಳಿ. ಸ್ಟ್ರಾಟ್ ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ 9-42 ಇರುತ್ತದೆ. ಲೆಸ್ ಪಾಲ್ ಥರದ ಗಿಟಾರ್‌ಗಳಲ್ಲಿ 10-46. ಹಿಂದಿನ ಮಾಲೀಕರು ಏನು ಹಾಕಿದ್ದರೋ ಗೊತ್ತಿಲ್ಲ ಅಲ್ವಾ, ಅವರನ್ನೇ ಕೇಳಿಬಿಡಿ.

9 ಅಂದರೆ ಸಣ್ಣ ತಂತಿಯ ದಪ್ಪ 0.009 ಇಂಚು, 10 ಅಂದರೆ 0.010. ಪಕ್ಕದ 42, 46 ಅತಿ ದಪ್ಪ ತಂತಿಯ ಲೆಕ್ಕ. ಸಣ್ಣ ತಂತಿ ಮಿಲಿಮೀಟರ್ ಲೆಕ್ಕದಲ್ಲಿ 0.23 ಮತ್ತು 0.25. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಆರೂ ತಂತಿ ಸೇರಿ ಸ್ಟ್ರಾಟ್ ಮೇಲೆ ಬೀಳುವ ಎಳೆತ 9ರ ಸೆಟ್‌ನಲ್ಲಿ ಸುಮಾರು 38 ಕೆಜಿ, 10ರ ಸೆಟ್‌ನಲ್ಲಿ ಸುಮಾರು 47 ಕೆಜಿ. ಬೆಂಡ್ ಮಾಡುವಾಗ, ಅಂದರೆ ಸ್ವರ ಏರಿಸಲು ತಂತಿಯನ್ನು ಪಕ್ಕಕ್ಕೆ ಎಳೆಯುವಾಗ, ಬೆರಳಿಗೆ ಗೊತ್ತಾಗುವುದು ಇದೇ.

ಇನ್ನೊಂದು ಮಾತು. ಲೆಸ್ ಪಾಲ್ ಇಟ್ಟುಕೊಂಡವರು "10 ಹಾಕಿ, ಬೆಣ್ಣೆ ಥರ ಇರುತ್ತೆ" ಅಂತ ಹೇಳುತ್ತಾರೆ. ಅವರಿಗೆ ಅದು ನಿಜ. ಅವರ ಸ್ಕೇಲ್, ಅಂದರೆ ನುಡಿಯುವ ತಂತಿಯ ಉದ್ದ, 24.75 ಇಂಚು, ನಿಮ್ಮದು 25.5. ಅದೇ ತಂತಿಯನ್ನು ಅದೇ ಸ್ವರಕ್ಕೆ ಬಿಗಿದರೂ ನಿಮ್ಮ ಗಿಟಾರ್‌ನಲ್ಲಿ ಎಳೆತ ಜಾಸ್ತಿ. ಅವರ ಮಾತು ಕೇಳಿ ಸ್ಟ್ರಾಟ್‌ಗೆ ಹಾಕಿದರೆ ಬೆರಳು ಬೈಯುತ್ತದೆ.

ನನ್ನ ಲೀಡ್ ಗಿಟಾರ್‌ಗೆ 9-42. ನಮ್ಮ ರಿದಂ ಹುಡುಗನಿಗೆ 10-46. ಅವನ ಕೈ ಭಾರ. 9 ಹಾಕಿದರೆ ಕಾರ್ಡ್ ಒತ್ತುವಾಗಲೇ ಶ್ರುತಿ ಮೇಲೆ ಹೋಗುತ್ತದೆ. ಎರಡರ ನಡುವೆ 9-46 ಅಂತ ಮಿಶ್ರ ಸೆಟ್ ಕೂಡ ಬರುತ್ತದೆ. ಸಣ್ಣ ತಂತಿ ಮೆತ್ತಗೆ, ದಪ್ಪ ತಂತಿ ಗಟ್ಟಿ. ಒಂದೇ ಗಿಟಾರ್‌ನಲ್ಲಿ ಲೀಡೂ ರಿದಮ್ಮೂ ಮಾಡುವವರಿಗೆ ಅದೇ ಸರಿ ಅನ್ನಿಸುತ್ತದೆ ನನಗೆ.

ಪ್ರೋಗ್ರಾಂ ಹತ್ತಿರ ಇರುವಾಗ ಗೇಜ್ ಮಾತ್ರ ಬದಲಾಯಿಸಬೇಡಿ. ಈಗಿರುವ ಗೇಜ್‌ನದೇ ಹೊಸ ಸೆಟ್ ಹಾಕಿ ಸಾಕು. ಅದನ್ನೂ ಸ್ಟೇಜ್ ಹತ್ತುವ ದಿನ ಹಾಕಬೇಡಿ. ಒಂದೆರಡು ದಿನ ಮುಂಚೆ ಹಾಕಿ, ಒಂದೊಂದು ತಂತಿಯನ್ನೂ ಮೆಲ್ಲಗೆ ಎತ್ತಿ ಎಳೆದು, ಮತ್ತೆ ಟ್ಯೂನ್ ಮಾಡಿ. ಎಳೆದ ಮೇಲೂ ಶ್ರುತಿ ಇಳಿಯದೇ ಇದ್ದರೆ ತಂತಿ ಕೂತಿದೆ ಅಂತ ಅರ್ಥ.

ಸಕಲೇಶಪುರ

ಗೇಜ್ ವಿಷಯ ಹಾಸನದವರು ಹೇಳಿದರು. ನಾನು ತುಕ್ಕಿನ ಬಗ್ಗೆ ಹೇಳುತ್ತೇನೆ. ಅದರಲ್ಲಿ ನಮ್ಮೂರಿನವರಿಗೆ ಅನುಭವ ಜಾಸ್ತಿ.

ಮೂಡಿಗೆರೆಯವರೇ, ನಿಮಗೆ ಸಣ್ಣ ಮೂರೇ ಯಾಕೆ ಕಪ್ಪಾದವು ಗೊತ್ತಾ? ದಪ್ಪ ಮೂರರ ಮೇಲೆ ಸುತ್ತಿರುವ ತಂತಿಗೆ ನಿಕಲ್ ಲೇಪ ಇರುತ್ತದೆ. ಸಣ್ಣ ಮೂರು ಬರೀ ಸ್ಟೀಲು. ಮೇಲೆ ತೆಳುವಾಗಿ ತವರ ಬಳಿದಿರುತ್ತಾರೆ, ಬೆವರು ತಾಗಿ ಅದು ಸವೆದ ಮೇಲೆ ನಮ್ಮ ಕಡೆಯ ತೇವಕ್ಕೆ ಏನು ಉಳಿಯುತ್ತದೆ ಹೇಳಿ. ದಪ್ಪ ತಂತಿಗಳು ಕೆಡುವುದು ಬೇರೆ ರೀತಿ. ಸುತ್ತುಗಳ ಸಂದಿಯಲ್ಲಿ ಕೊಳೆ ಕೂತು ಸದ್ದು ಸಾಯುತ್ತದೆ.

ಎಲಿಕ್ಸರ್ ಥರದ ಕೋಟಿಂಗ್ ಸ್ಟ್ರಿಂಗ್ಸ್‌ನಲ್ಲಿ ಸುತ್ತಿನ ಮೇಲೆ ತೆಳು ಪದರ ಇರುತ್ತದೆ, ಸಂದಿಗೆ ಕೊಳೆ ಇಳಿಯುವುದಿಲ್ಲ. ಸಣ್ಣ ತಂತಿಗಳಿಗೆ ಬೇರೆ ತುಕ್ಕು ನಿರೋಧಕ ಲೇಪ ಕೊಟ್ಟಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅದನ್ನೇ ಹಾಕುತ್ತೇನೆ, ಆ ತಿಂಗಳುಗಳಿಗೆ ಡಬಲ್ ದುಡ್ಡು ದಂಡ ಅಲ್ಲ. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಗಾಳಿ ಒಣಗಿರುತ್ತದೆ. ಆಮೇಲೆ ಸಾದಾ ಸೆಟ್ ಸಾಕು. ಕೋಟಿಂಗ್ ತಂತಿ ಕೆಲವರಿಗೆ ಜಾರಿದ ಹಾಗೆ ಅನ್ನಿಸುತ್ತದೆ, ಸದ್ದಿನ ಹೊಳಪು ಸ್ವಲ್ಪ ಕಡಿಮೆ ಅಂತಲೂ ಹೇಳುತ್ತಾರೆ. ಆಂಪ್‌ನಲ್ಲಿ ಡಿಸ್ಟಾರ್ಶನ್ ಹಾಕಿದ ಮೇಲೆ ಆ ವ್ಯತ್ಯಾಸ ನನ್ನ ಕಿವಿಗಂತೂ ಸಿಕ್ಕಿಲ್ಲ.

ದುಡ್ಡು ಉಳಿಸುವ ದಾರಿ ಒಂದಿದೆ. ಸಣ್ಣ ಮೂರು ತಂತಿಗಳನ್ನು ಬಿಡಿಯಾಗಿ ತರಿಸಿಕೊಳ್ಳಿ. 9ರ ಸೆಟ್ ಆದರೆ 9, 11, 16. ಬಿಡಿ ತಂತಿ ಅಗ್ಗ. ದಪ್ಪ ಮೂರು ಚೆನ್ನಾಗಿದ್ದರೆ ಅವನ್ನು ಹಾಗೇ ಬಿಟ್ಟು ಇವನ್ನಷ್ಟೇ ಬದಲಾಯಿಸಿ. ಪೂರ್ತಿ ಹೊಸ ಸೆಟ್ ಹಾಕಿದಷ್ಟು ಗಲಗಲ ಅನ್ನುವುದಿಲ್ಲ, ಆದರೆ ಬೆಂಡ್ ಮಾಡುವಾಗ ತರಿ ಹತ್ತುವುದಿಲ್ಲ.

ನುಡಿಸಿದ ಮೇಲೆ ಒರೆಸುತ್ತೀರಾ? ಎಲ್ಲರೂ ತಂತಿಯ ಮೇಲ್ಭಾಗ ಒರೆಸುತ್ತಾರೆ, ತುಕ್ಕು ಹಿಡಿಯುವುದು ಅಡಿಯಲ್ಲಿ. ಹಳೆ ಬನಿಯನ್ ಬಟ್ಟೆಯನ್ನು ತಂತಿಯ ಅಡಿಗೆ ತೂರಿಸಿ, ಎರಡು ಬೆರಳಲ್ಲಿ ತಂತಿಯ ಸುತ್ತ ಹಿಡಿದು, ತಲೆಯ ಕಡೆಯ ನಟ್‌ನಿಂದ ಬುಡದ ಕಡೆಯ ಬ್ರಿಡ್ಜ್‌ವರೆಗೆ ಒಮ್ಮೆ ಎಳೆಯಿರಿ. ಬಟ್ಟೆ ಮೇಲೆ ಕಪ್ಪು ಗೆರೆ ಬಂತಾ? ಅದೇ ನಿಮ್ಮ ಸ್ಟ್ರಿಂಗ್ಸ್ ತಿನ್ನುತ್ತಿದ್ದದ್ದು. ಆರು ತಂತಿಗೂ ಹೀಗೆ ಮಾಡಲು ಒಂದು ನಿಮಿಷ ಸಾಕು.

ಗಿಟಾರನ್ನು ಹೊರಗೋಡೆಗೆ ತೂಗುಹಾಕಬೇಡಿ. ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಬಟ್ಟೆಯ ಬ್ಯಾಗ್‌ನಲ್ಲಿ ಮುಚ್ಚಿಟ್ಟರೆ ಬ್ಯಾಗ್‌ಗೇ ಬೂಷ್ಟು ಬರುತ್ತದೆ. ಗಟ್ಟಿ ಕೇಸ್, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಇದ್ದರೆ ಒಳ್ಳೆಯದು. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಬಹುದು, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ. ಅಟ್ಟದ ಮೇಲೆ ಬೆಚ್ಚಗಿರುತ್ತದೆ ಅಂತ ಒಲೆ ಹೊಗೆ ಬರುವ ಕಡೆ ಇಡಲೂ ಬೇಡಿ, ನೆಕ್ ಬಾಗುತ್ತದೆ. ಕೊಬ್ಬರಿ ಎಣ್ಣೆ ಸವರಿ ಅನ್ನುವವರು ಸಿಗುತ್ತಾರೆ. ಅವರ ಮಾತಿಗೆ ನಗುತ್ತಾ ಹೂಂ ಅಂದುಬಿಡಿ, ಹಚ್ಚಬೇಡಿ.

ಕಡೂರು

ಎಷ್ಟು ತಲೆ ಕೆಡಿಸಿಕೊಳ್ತೀರಿ ಗುರು. ಕಡೂರಿಗೆ ಬಂದುಬಿಡಿ, ಇಲ್ಲಿ ತುಕ್ಕು ಹಿಡಿಯೋಕೆ ನೀರೇ ಇಲ್ಲ. ಸಾದಾ 10-46 ಹಾಕಿ, ಆರಾಮಾಗಿ ನುಡಿಸಿ. 9 ಎಲ್ಲ ಚಿಕ್ಕ ಮಕ್ಕಳಿಗೆ.

ಚಿಕ್ಕಮಗಳೂರು, ಗಿಟಾರ್ ಕಲಿಸುತ್ತೇನೆ

ಕಡೂರಿನ ತಮ್ಮಾ, ಸ್ವಲ್ಪ ನಿಲ್ಲು. ಟೋನಿ ಅಯೋಮಿ ಚಿಕ್ಕ ಮಗುವಾ? ಅವರ ರಾಕ್ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಆ ಭಾರವಾದ ಸದ್ದು ಸಣ್ಣ ತಂತಿಯಿಂದ ಬಂದದ್ದು. ಫ್ಯಾಕ್ಟರಿ ಮೆಷಿನ್‌ಗೆ ಸಿಕ್ಕಿ ಎರಡು ಬೆರಳ ತುದಿ ಹೋಗಿತ್ತು, ದಪ್ಪ ತಂತಿ ಒತ್ತಲು ಆಗುತ್ತಿರಲಿಲ್ಲ. ಶುರುವಿನಲ್ಲಿ ಬ್ಯಾಂಜೊ ತಂತಿಯನ್ನೂ ಹಾಕಿಕೊಂಡಿದ್ದರು. ಜ಼ಡ್ ಜ಼ಡ್ ಟಾಪ್ ಬ್ಯಾಂಡ್‌ನ ಬಿಲ್ಲಿ ಗಿಬ್ಬನ್ಸ್ 7ರ ಸೆಟ್ ಹಾಕುತ್ತಾರೆ. ಆ ಕಡೆ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ 13 ಹಾಕಿ, ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು. ಅವರವರ ಕೈ, ಅವರವರ ತಂತಿ.

ಮೂಡಿಗೆರೆಯವರಿಗೆ ನಾನು ಹೇಳಬೇಕಾದ್ದು ಬೇರೆ. ಪ್ಯಾಕೆಟ್ ಮೇಲೆ ಎಲೆಕ್ಟ್ರಿಕ್ ಅಂತ ಇದೆಯಾ ನೋಡಿ ತಗೊಳ್ಳಿ. ನನ್ನ ಹತ್ತಿರ ಕಲಿಯುವ ಹುಡುಗನೊಬ್ಬನಿಗೆ ಒಂದು ಅಂಗಡಿಯಲ್ಲಿ "ಎಲ್ಲ ಒಂದೇ" ಅಂತ ಅಕೌಸ್ಟಿಕ್ ಸೆಟ್ ಕೊಟ್ಟು ಕಳಿಸಿದ್ದರು. ಹಾಕಿದ ಮೇಲೆ ಸಣ್ಣ ಎರಡು ತಂತಿ ಜೋರು, ಉಳಿದ ನಾಲ್ಕು ಎಲ್ಲೋ ದೂರದಲ್ಲಿ ನುಡಿದ ಹಾಗೆ. ಪಿಕಪ್ ಕೆಟ್ಟಿದೆ ಅಂತ ರಿಪೇರಿಗೆ ಕೊಡಲು ಹೊರಟಿದ್ದ ಪಾಪ. ಕಾರಣ ಇಷ್ಟೇ. ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್ ಅಂದರೆ ಅಯಸ್ಕಾಂತ ಮತ್ತು ಸುರುಳಿ. ಅಯಸ್ಕಾಂತಕ್ಕೆ ಅಂಟುವ ಲೋಹ ಅಲುಗಿದರೆ ಮಾತ್ರ ಅದಕ್ಕೆ ಸದ್ದು. ಅಕೌಸ್ಟಿಕ್ ತಂತಿಯ ಸುತ್ತು ಕಂಚಿನದು, ಅಯಸ್ಕಾಂತ ಅದನ್ನು ಕೇರೇ ಮಾಡುವುದಿಲ್ಲ. ಒಳಗಿನ ಸ್ಟೀಲ್ ಎಳೆ ಮಾತ್ರ ಕೇಳುತ್ತದೆ. ಅದಕ್ಕೇ ಸುತ್ತಿರುವ ನಾಲ್ಕೂ ಮಂದ. ನೈಲಾನ್ ಹಾಕಿದರಂತೂ ಪೂರ್ತಿ ಮೌನ.

ನಕಲಿ ಸೆಟ್‌ಗಳೂ ಓಡಾಡುತ್ತಿವೆ. ಡ್ಯಾಡಾರಿಯೊ ಕಂಪನಿಯ ಸೆಟ್ ತಗೊಂಡರೆ ತಂತಿ ತುದಿಯ ಗುಂಡುಗಳ ಬಣ್ಣ ನೋಡಿ. ಸಣ್ಣದರಿಂದ ಶುರುಮಾಡಿದರೆ ಬೆಳ್ಳಿ, ನೇರಳೆ, ಹಸಿರು, ಕಪ್ಪು, ಕೆಂಪು, ಹಿತ್ತಾಳೆ ಬಣ್ಣ, ಇದೇ ಕ್ರಮ. ಬಣ್ಣವನ್ನು ನಕಲಿಯವರೂ ಬಳಿಯಬಹುದು, ಹಾಗಾಗಿ ಒಳಗಿನ ಕೋಡನ್ನು ಕಂಪನಿಯ ಸೈಟಿನಲ್ಲಿ ಹಾಕಿ ನೋಡುವುದು ಒಳ್ಳೆಯದು.

ಅರಕಲಗೂಡು

ನಾನು ನುಡಿಸುವುದು ಕರ್ನಾಟಕ ಸಂಗೀತ, ಎಲೆಕ್ಟ್ರಿಕ್ ಗಿಟಾರ್‌ನಲ್ಲಿ. ನಮ್ಮ ತಾಲ್ಲೂಕಿನಲ್ಲಿ ಇದ್ದುಕೊಂಡು ಬೇರೆ ಏನು ಮಾಡಲಿ, ರುದ್ರಪಟ್ಟಣ ಇಲ್ಲೇ ಇದೆ, ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು. ಮನೆಯಲ್ಲಿ ಅಜ್ಜಿ ವೀಣೆ ನುಡಿಸುತ್ತಿದ್ದರು. ಗಿಟಾರ್ ತಂದಾಗ ಅವರು ಕೇಳಿದ ಮೊದಲ ಪ್ರಶ್ನೆ, "ತೋಡಿಯ ಗಾಂಧಾರ ಬರುತ್ತೇನೋ ಇದರಲ್ಲಿ?"

10ರ ಸೆಟ್‌ನಲ್ಲಿ ಬರಲಿಲ್ಲ. ಬರಲಿಲ್ಲ ಅನ್ನುವುದಕ್ಕಿಂತ, ಒಂದು ಕೀರ್ತನೆ ಮುಗಿಯುವಷ್ಟರಲ್ಲಿ ಉಂಗುರ ಬೆರಳು ಸೋಲುತ್ತಿತ್ತು. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಎರಡು ಮೂರು ಸ್ವರ ಮೇಲೆ ಹೋಗುತ್ತಾರೆ. ಗಿಟಾರ್‌ನಲ್ಲಿ ಅಷ್ಟು ಎಳೆಯಬೇಕಾದರೆ 9 ಬೇಕು, ಕೆಲವು ರಾಗಕ್ಕೆ 8 ಇನ್ನೂ ಹಿತ. 8-38 ಸೆಟ್ ಸಿಗುತ್ತದೆ. ಅದರಲ್ಲಿ ಒಂದು ಕಷ್ಟ ಇದೆ. ಬೆರಳು ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಮೇಲೇರುತ್ತದೆ. ಷಡ್ಜ, ಪಂಚಮ ಅಲುಗಾಡದೆ ನಿಲ್ಲಬೇಕಾದ ಕಡೆ ಇದು ಮರ್ಯಾದೆ ತೆಗೆಯುತ್ತದೆ. ಹಾಗಾಗಿ ನಾನು 9ಕ್ಕೇ ನಿಂತಿದ್ದೇನೆ, ಶ್ರುತಿ ಮಾತ್ರ ಒಂದು ಸ್ವರ ಇಳಿಸಿಕೊಳ್ಳುತ್ತೇನೆ.

ಮ್ಯಾಂಡೊಲಿನ್ ಶ್ರೀನಿವಾಸ್ ಅವರು ಜೋಡಿ ತಂತಿ ಬಿಟ್ಟು ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಮಾಡಿಕೊಂಡಿದ್ದು ಸುಮ್ನೆ ಅಲ್ಲ. ಜೋಡಿ ತಂತಿಯನ್ನು ಒಟ್ಟಿಗೆ ಎಳೆದು ಗಮಕ ಹಾಕಿ ನೋಡಿ, ಗೊತ್ತಾಗುತ್ತದೆ.

ಜಾರುವಾಗ ಕಿರ್ ಅನ್ನುವ ಸದ್ದು ಬೇಡ ಅಂತ ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಸುತ್ತಿನ ತಂತಿ, ಹಾಕುವ ಆಸೆ ಕೆಲವರಿಗೆ. ಮೈ ನುಣ್ಣಗೆ, ಸದ್ದು ಗುಂಡಗೆ, ಚೆನ್ನಾಗಿರುತ್ತದೆ. ಆದರೆ ಆ ಸೆಟ್‌ಗಳಲ್ಲಿ ಮೂರನೆಯ ತಂತಿಯೂ ಸಾಮಾನ್ಯವಾಗಿ ಸುತ್ತಿದ್ದೇ ಇರುತ್ತದೆ. ಎಳೆಯಲು ಹೋದರೆ ಬಗ್ಗುವುದಿಲ್ಲ. ಜಾಸ್‌ಗೆ ಸರಿ, ಗಮಕಕ್ಕೆ ಅಲ್ಲ.

ಮೂಡಿಗೆರೆ (ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ಹಿಂದಿನ ಮಾಲೀಕರಿಗೆ ಫೋನ್ ಮಾಡಿದೆ, 9-42 ಅಂತೆ. ಅದೇ ಗೇಜ್‌ನಲ್ಲಿ ಕೋಟಿಂಗ್ ಇರುವುದು ಹಾಕುತ್ತೇನೆ. ಇನ್ನೊಂದು ಡೌಟು. ಮೊದಲನೆಯ ತಂತಿ ಪದೇ ಪದೇ ಒಂದೇ ಜಾಗದಲ್ಲಿ ತುಂಡಾಗುತ್ತದೆ, ಬ್ರಿಡ್ಜ್ ಹತ್ತಿರ. ಅದಕ್ಕೂ ತುಕ್ಕೇ ಕಾರಣವಾ? ಮತ್ತೆ ಹಬ್ಬ ಆದ ಮೇಲೆ 10 ಹಾಕಿ ನೋಡಬೇಕು ಅಂದರೆ ಏನೇನು ಮಾಡಿಸಬೇಕು ಅಣ್ಣ?

ಹಾಸನ, ಆರ್ಕೆಸ್ಟ್ರಾ

ಒಂದೇ ಜಾಗದಲ್ಲಿ ತುಂಡಾದರೆ ತಪ್ಪು ತಂತಿಯದಲ್ಲ, ಆ ಜಾಗದ್ದು. ತಂತಿ ತೆಗೆದು, ಸ್ಯಾಡಲ್‌ನಲ್ಲಿ, ಅಂದರೆ ಬ್ರಿಡ್ಜ್ ಮೇಲಿನ ಪುಟ್ಟ ಲೋಹದ ತುಂಡಿನಲ್ಲಿ, ತಂತಿ ಕೂರುವ ಗೆರೆ ಮೇಲೆ ಉಗುರು ಎಳೆಯಿರಿ. ಎಲ್ಲೋ ಒಂದು ಕಡೆ ಉಗುರು ಸಿಕ್ಕಿಕೊಳ್ಳುತ್ತದೆ. ಸೂಜಿ ಮೊನೆಯಷ್ಟು ಚೂಪು ಇದ್ದರೂ ಸಾಕು, ಬೆಂಡ್ ಮಾಡಿದಾಗಲೆಲ್ಲ ತಂತಿ ಅದರ ಮೇಲೆ ಉಜ್ಜಿ ಉಜ್ಜಿ ಕಡಿಯುತ್ತದೆ. 1000 ನಂಬರಿನ ನೀರು ಕಾಗದ (ಸ್ಯಾಂಡ್ ಪೇಪರ್) ಇದೆಯಲ್ಲ, ಕಾರಿಗೆ ಪೇಂಟ್ ಹೊಡೆಯುವವರ ಹತ್ತಿರ ಸಿಗುತ್ತದೆ, ಅದನ್ನು ಹಳೆಯ ದಪ್ಪ ತಂತಿಗೆ ಸುತ್ತಿ ಆ ಗೆರೆಯಲ್ಲಿ ಮೆಲ್ಲಗೆ ನಾಲ್ಕಾರು ಸಲ ಹಿಂದೆ ಮುಂದೆ ಎಳೆಯಿರಿ. ಗೆರೆ ಆಳ ಆಗಬಾರದು, ಚೂಪು ಹೋದರೆ ಸಾಕು. ಆಮೇಲೆ ಪೆನ್ಸಿಲ್ ಮೊನೆ ಉಜ್ಜಿ. ನಟ್‌ನ ಗೆರೆಗಳಿಗೂ ಅದೇ ಪೆನ್ಸಿಲ್. ಬೆಂಡ್ ಆದ ಮೇಲೆ ಶ್ರುತಿ ವಾಪಸ್ ಬರದೇ ಇರುವ ತೊಂದರೆಗೂ ಇದು ಒಳ್ಳೆಯದು.

10ಕ್ಕೆ ಹೋದರೆ ಎಳೆತ ಜಾಸ್ತಿಯಾಗಿ ಬ್ರಿಡ್ಜ್ ಹಿಂಭಾಗ ಮೇಲೇಳುತ್ತದೆ, ತಂತಿಗಳು ಫ್ರೆಟ್‌ನಿಂದ (ನೆಕ್ ಮೇಲಿನ ಮೆಟ್ಟಿಲು) ಎತ್ತರವಾಗುತ್ತವೆ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂ ಸ್ವಲ್ಪ ಬಿಗಿ ಮಾಡಿ, ಮತ್ತೆ ಟ್ಯೂನ್ ಮಾಡಿ, ಮತ್ತೆ ನೋಡಿ. ಒಂದೇ ಸಲಕ್ಕೆ ಸರಿಹೋಗುವುದಿಲ್ಲ. ನೆಕ್ ಬಾಗಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಒಂದು ದಿನ ಬಿಟ್ಟು ನೋಡಿ. ಕೊನೆಗೆ 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವೂ ಅಲ್ಲೇ ಒತ್ತದೆ ಬರೀ ಮುಟ್ಟಿ ನುಡಿಸಿದ ಹಾರ್ಮೋನಿಕ್ ಸ್ವರವೂ ಟ್ಯೂನರ್‌ನಲ್ಲಿ ಒಂದೇ ಬರಬೇಕು. ಒತ್ತಿದ್ದು ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಕೈ ನಡುಗಿದರೆ ಗಿಟಾರ್ ತಗೊಂಡು ಹಾಸನಕ್ಕೆ ಬನ್ನಿ, ಒಟ್ಟಿಗೆ ಮಾಡೋಣ.

ಸಕಲೇಶಪುರ

ಬಿಡಿ ತಂತಿ ತರಿಸುವವನಿದ್ದೇನೆ, 9 ಮತ್ತು 11. ಒಂದೊಂದೇ ತರಿಸಿದರೆ ಕೊರಿಯರ್ ಖರ್ಚೇ ಜಾಸ್ತಿ. ಯಾರಿಗಾದರೂ ಬೇಕಿದ್ದರೆ ಭಾನುವಾರದೊಳಗೆ ಹೇಳಿ, ಒಟ್ಟಿಗೆ ಆರ್ಡರ್ ಹಾಕುತ್ತೇನೆ. ಮೂಡಿಗೆರೆಯವರದ್ದು ಬಸ್ಸಿನಲ್ಲಿ ಕಳಿಸಬಹುದು.

ಕಡೂರು

ನನಗೂ ಒಂದು 9ರ ಸೆಟ್ ಹಾಕಿ ಸರ್. ಚಿಕ್ಕಮಗಳೂರಿನ ಅಕ್ಕನಿಗೆ ಹೇಳಬೇಡಿ.